ಸಣ್ಣ ಹೋಟೆಲುಗಳ ಬಿಲ್ಲಿಂಗ್ ವ್ಯವಸ್ಥೆ

ಬಿಲ್ಲಿಂಗ್ ವ್ಯವಸ್ಥೆ ಅಥವಾ ಪಾಯಿಂಟ್ ಆಫ್ ಸೇಲ್ ವ್ಯವಸ್ಥೆ (ಪಿಒಎಸ್) ಎಂಬುದು ಮಾರಾಟ ನಡೆಯುವ ಸ್ಥಳದಲ್ಲಿಯೇ ಗ್ರಾಹಕರ ಬೇಡಿಕೆಯನ್ನು ದಾಖಲಿಸಿ, ಮೊತ್ತವನ್ನು ಲೆಕ್ಕ ಹಾಕಿ, ಹಣ ಸ್ವೀಕರಿಸಿ, ರಸೀದಿ ನೀಡುವ ಯಂತ್ರ ಮತ್ತು ತಂತ್ರಾಂಶಗಳ ಸಂಯೋಜನೆಯಾಗಿದೆ. ಹೋಟೆಲು, ಖಾನಾವಳಿ ಮತ್ತು ಉಪಾಹಾರ ಗೃಹಗಳಲ್ಲಿ ಇದು ಗಲ್ಲೆಯ ಮೇಲಿನ ಬಿಲ್ ಪುಸ್ತಕ, ಕ್ಯಾಲ್ಕುಲೇಟರ್ ಹಾಗೂ ದಿನದ ಕೀರ್ದಿ ಪುಸ್ತಕ ಈ ಮೂರರ ಕೆಲಸವನ್ನೂ ಮಾಡುತ್ತದೆ. ಕರ್ನಾಟಕದಲ್ಲಿ ವಸತಿ ಸೌಲಭ್ಯವಿಲ್ಲದ ಊಟ-ತಿಂಡಿಯ ಅಂಗಡಿಯನ್ನೂ ‘ಹೋಟೆಲು’ ಎಂದೇ ಕರೆಯುವುದು ರೂಢಿ. ಈ ಲೇಖನದಲ್ಲಿಯೂ ಆ ಪದವನ್ನು ಅದೇ ಅರ್ಥದಲ್ಲಿ ಬಳಸಲಾಗಿದೆ.

ದೊಡ್ಡ ಹೋಟೆಲುಗಳಿಗಾಗಿ ರೂಪುಗೊಂಡ ವ್ಯವಸ್ಥೆಗಳು ಸಣ್ಣ ಹೋಟೆಲುಗಳಿಗೆ ಯಥಾವತ್ತಾಗಿ ಒಗ್ಗುವುದಿಲ್ಲ. ಹೋಟೆಲಿನ ವ್ಯವಹಾರದ ರೀತಿ, ತೆರಿಗೆ ಕಾನೂನಿನ ಅಗತ್ಯಗಳು ಮತ್ತು ಮಾರಾಟದ ದಾಖಲೆಯ ಮೇಲೆ ಮಾಲೀಕನಿಗಿರುವ ಹಿಡಿತ ಇವು ಆಯ್ಕೆಯಲ್ಲಿ ಮುಖ್ಯವಾಗುತ್ತವೆ. ಈ ಲೇಖನವು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಹೋಟೆಲುಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತದೆ.

ಹಿನ್ನೆಲೆ

ಹಣ ದಾಖಲಿಸುವ ಯಂತ್ರದ ಇತಿಹಾಸ ಆರಂಭವಾಗುವುದು ಒಂದು ಪಾನಗೃಹದಿಂದಲೇ. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ನಗರದಲ್ಲಿ ಪಾನಗೃಹ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ, ನೌಕರರು ಗಲ್ಲೆಯ ಹಣವನ್ನು ಜೇಬಿಗೆ ಇಳಿಸುವುದನ್ನು ತಡೆಯಲು 1879ರಲ್ಲಿ ನಗದು ದಾಖಲೆ ಯಂತ್ರವೊಂದಕ್ಕೆ ಪೇಟೆಂಟ್ ಪಡೆದನು. ಮುಂದೆ ಜಾನ್ ಪ್ಯಾಟರ್ಸನ್ ಈ ಉದ್ಯಮವನ್ನು ಕೊಂಡು, ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಎಂಬ ಹೆಸರಿನಲ್ಲಿ ಬೆಳೆಸಿದನು. 1906ರಲ್ಲಿ ಚಾರ್ಲ್ಸ್ ಕೆಟರಿಂಗ್ ಈ ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದನು. 1970ರ ದಶಕದಲ್ಲಿ ಗಣಕಯಂತ್ರ ಆಧಾರಿತ ವ್ಯವಸ್ಥೆಗಳು ಬಂದವು. 1986ರಲ್ಲಿ ಜೀನ್ ಮೋಷರ್ ಎಂಬ ಅಮೆರಿಕದ ಹೋಟೆಲು ಉದ್ಯಮಿ, ಪರದೆಯನ್ನು ಬೆರಳಿನಿಂದ ಮುಟ್ಟಿ ಬಳಸಬಹುದಾದ ಹೋಟೆಲು ತಂತ್ರಾಂಶವನ್ನು ಪ್ರದರ್ಶಿಸಿದನು. ಇಂದಿನ ಬಹುತೇಕ ವ್ಯವಸ್ಥೆಗಳ ವಿನ್ಯಾಸ ಇದೇ ಮಾದರಿಯದು.

ಉತ್ತರ ಕರ್ನಾಟಕದಲ್ಲಿ ಹೋಟೆಲಿನ ಲೆಕ್ಕ ಬಹುಕಾಲ ಬಾಯಿಲೆಕ್ಕ ಮತ್ತು ಪುಸ್ತಕದ ಲೆಕ್ಕಗಳ ಮೇಲೆ ನಡೆಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಕೀರ್ದಿ, ಖತಾವಣಿ, ಜಮಾ-ಖರ್ಚು, ಉದ್ರಿ ಮೊದಲಾದ ಶಬ್ದಗಳು ವ್ಯಾಪಾರಿಗಳ ನಿತ್ಯ ಬಳಕೆಯಲ್ಲಿವೆ. ಊಟ ಬಡಿಸಿದವನು ‘ಎರಡು ಊಟ, ಒಂದು ಮಜ್ಜಿಗೆ’ ಎಂದು ಕೂಗಿ ಹೇಳುವುದು, ಗಲ್ಲೆಯಲ್ಲಿ ಕುಳಿತವನು ಅದನ್ನು ಮನಸ್ಸಿನಲ್ಲಿಯೇ ಕೂಡಿ ಹಣ ಪಡೆಯುವುದು ಅನೇಕ ಖಾನಾವಳಿಗಳಲ್ಲಿ ಇಂದಿಗೂ ಇದೆ. ಲೆಕ್ಕದ ಪುಸ್ತಕಕ್ಕೆ ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಪೂಜೆ ಸಲ್ಲಿಸುವ ಸಂಪ್ರದಾಯವು, ವ್ಯಾಪಾರದಲ್ಲಿ ದಾಖಲೆಗೆ ಇದ್ದ ಗೌರವವನ್ನು ಸೂಚಿಸುತ್ತದೆ.

ಎರಡು ಬೆಳವಣಿಗೆಗಳು ಈ ಪದ್ಧತಿಯನ್ನು ಬದಲಾಯಿಸಿದವು. 2016ರಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಏಕೀಕೃತ ಪಾವತಿ ವ್ಯವಸ್ಥೆಯನ್ನು (ಯುಪಿಐ) ಆರಂಭಿಸಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಜಾರಿಗೆ ಬಂದಿತು. ಮೊದಲನೆಯದರಿಂದ ಸಣ್ಣ ಹೋಟೆಲಿನ ಆದಾಯದ ದೊಡ್ಡ ಭಾಗ ಬ್ಯಾಂಕ್ ಖಾತೆಯಲ್ಲಿ ಕಾಣುವಂತಾಯಿತು. ಎರಡನೆಯದರಿಂದ ಆ ಆದಾಯಕ್ಕೆ ಸರಿಯಾದ ಬಿಲ್ಲಿನ ಆಧಾರ ಅವಶ್ಯವಾಯಿತು.

ಹೋಟೆಲಿನ ಬಗೆ ಮತ್ತು ಬಿಲ್ಲಿನ ಅಗತ್ಯ

ಹುಬ್ಬಳ್ಳಿ ಮತ್ತು ಧಾರವಾಡ ನಗರಗಳು 1962ರಿಂದ ಒಂದೇ ಮಹಾನಗರ ಪಾಲಿಕೆಯ ಆಡಳಿತದಲ್ಲಿವೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಉಚ್ಚ ನ್ಯಾಯಾಲಯದ ಪೀಠ, ಕಿಮ್ಸ್ ಆಸ್ಪತ್ರೆ, ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇವುಗಳ ಕಾರಣದಿಂದ ಇಲ್ಲಿಗೆ ವಿದ್ಯಾರ್ಥಿಗಳು, ಕಕ್ಷಿದಾರರು, ರೋಗಿಗಳ ಸಂಬಂಧಿಕರು ಮತ್ತು ರೈತರು ನಿತ್ಯವೂ ಬರುತ್ತಾರೆ. ಇವರ ಊಟ-ತಿಂಡಿಯ ಅಗತ್ಯವನ್ನು ಪೂರೈಸುವ ಹೋಟೆಲುಗಳನ್ನು ಬಿಲ್ಲಿನ ದೃಷ್ಟಿಯಿಂದ ನಾಲ್ಕು ಬಗೆಯಾಗಿ ನೋಡಬಹುದು.

ರೊಟ್ಟಿ ಊಟದ ಖಾನಾವಳಿ: ಜೋಳದ ರೊಟ್ಟಿ, ಪಲ್ಯ, ಕಾಳು, ಚಟ್ನಿ, ಅನ್ನ-ಸಾರುಗಳ ಊಟಕ್ಕೆ ಒಂದೇ ದರ ಇರುತ್ತದೆ. ದರಪಟ್ಟಿಯಲ್ಲಿ ಹತ್ತು-ಹದಿನೈದು ಪದಾರ್ಥಗಳಿದ್ದರೆ ಹೆಚ್ಚು. ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಜನರು ತಿಂಗಳಿಗೆ ಮುಂಗಡ ಹಣ ಕೊಟ್ಟು ಊಟ ಮಾಡುವ ಪದ್ಧತಿಯಿದೆ. ಆದ್ದರಿಂದ ಇಲ್ಲಿ ಮುಖ್ಯವಾದುದು ಬಿಲ್ಲಿಗಿಂತ ತಿಂಗಳ ಊಟದ ಲೆಕ್ಕ: ಯಾರು ಎಷ್ಟು ಊಟಕ್ಕೆ ಹಣ ಕೊಟ್ಟಿದ್ದಾರೆ, ಎಷ್ಟು ಉಳಿದಿದೆ, ಊರಿಗೆ ಹೋದ ದಿನಗಳನ್ನು ಕಳೆಯಬೇಕೇ ಎಂಬುದು.

ತಿಂಡಿಯ ಅಂಗಡಿ: ಹುಬ್ಬಳ್ಳಿಯ ದುರ್ಗದ ಬೈಲಿನಂಥ ಸ್ಥಳಗಳಲ್ಲಿ ಗಿರ್ಮಿಟ್, ಮಿರ್ಚಿ ಭಜಿ, ಚಹಾ ಮಾರುವ ಅಂಗಡಿಗಳಲ್ಲಿ ಸಂಜೆಯ ಎರಡು-ಮೂರು ತಾಸಿನಲ್ಲಿ ಹೆಚ್ಚಿನ ವ್ಯಾಪಾರ ಮುಗಿಯುತ್ತದೆ. ಬಿಲ್ಲಿನ ಮೊತ್ತ ಸಣ್ಣದು, ಗ್ರಾಹಕರ ಸಂಖ್ಯೆ ದೊಡ್ಡದು. ಇಲ್ಲಿ ಬೇಕಾದುದು ಎರಡು-ಮೂರು ಸಲ ಒತ್ತಿದರೆ ಮುಗಿಯುವ ವೇಗದ ಟೋಕನ್ ವ್ಯವಸ್ಥೆ. ಮೊದಲು ಹಣ ಕೊಟ್ಟು ಟೋಕನ್ ಪಡೆದು, ನಿಂತು ತಿನ್ನುವ ದರ್ಶಿನಿ ಮಾದರಿಯ ಹೋಟೆಲುಗಳಿಗೂ ಇದೇ ಅನ್ವಯಿಸುತ್ತದೆ.

ಕುಳಿತು ಉಣ್ಣುವ ಹೋಟೆಲು: ಸಾವಜಿ ಖಾನಾವಳಿಗಳು ಮತ್ತು ಕುಟುಂಬ ಸಮೇತ ಬರುವವರ ಹೋಟೆಲುಗಳಲ್ಲಿ ಊಟದ ನಡುವೆ ಮತ್ತೆ ಮತ್ತೆ ಪದಾರ್ಥಗಳನ್ನು ಕೇಳುತ್ತಾರೆ. ಮೇಜಿಗೊಂದು ಬಿಲ್ ತೆರೆದಿಡುವುದು, ಸಪ್ಲೈಯರ್ ಹೇಳಿದ್ದು ಅಡುಗೆಮನೆಗೆ ಚೀಟಿಯಾಗಿ ತಲುಪುವುದು, ಒಂದೇ ಮೇಜಿನ ಬಿಲ್ಲನ್ನು ಇಬ್ಬರಿಗೆ ಹಂಚುವುದು ಇಲ್ಲಿ ಅವಶ್ಯ. ಅಡುಗೆಮನೆಗೆ ಹೋಗುವ ಈ ಚೀಟಿಗೆ ವೃತ್ತಿಯಲ್ಲಿ ಕೆಒಟಿ ಎನ್ನುತ್ತಾರೆ.

ಪಾರ್ಸೆಲ್ ಪ್ರಧಾನ ಹೋಟೆಲು: ಸ್ವಿಗ್ಗಿ, ಜೊಮ್ಯಾಟೊದಂಥ ಜಾಲತಾಣಗಳ ಮೂಲಕ ಬರುವ ಬೇಡಿಕೆಗಳು ಹೆಚ್ಚಿರುವ ಕಡೆ ಆ ಬೇಡಿಕೆಗಳು ನೇರವಾಗಿ ಬಿಲ್ಲಿಂಗ್ ವ್ಯವಸ್ಥೆಗೆ ಬಂದು ಸೇರುವುದು ಅನುಕೂಲ.

ಒಂದು ಬಗೆಯ ಹೋಟೆಲಿಗೆ ಅತ್ಯಗತ್ಯವಾದ ಸೌಲಭ್ಯ ಇನ್ನೊಂದಕ್ಕೆ ಕೇವಲ ಹೊರೆಯಾಗಬಹುದು. ಮೇಜುಗಳ ನಕ್ಷೆ ತೋರಿಸುವ ತಂತ್ರಾಂಶ ಗಿರ್ಮಿಟ್ ಅಂಗಡಿಗೆ ಬೇಡ. ತಿಂಗಳ ಊಟದ ಲೆಕ್ಕವಿಲ್ಲದ ತಂತ್ರಾಂಶ ವಿದ್ಯಾರ್ಥಿಗಳ ಖಾನಾವಳಿಗೆ ಸಾಲದು.

ವ್ಯವಸ್ಥೆಯ ಭಾಗಗಳು

ಸಣ್ಣ ಹೋಟೆಲಿನ ಬಿಲ್ಲಿಂಗ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಈ ಭಾಗಗಳಿರುತ್ತವೆ.

ಯಂತ್ರ: ಮೇಜಿನ ಗಣಕಯಂತ್ರ, ಟ್ಯಾಬ್ಲೆಟ್, ಮೊಬೈಲ್ ಫೋನ್ ಅಥವಾ ಮುದ್ರಕವನ್ನು ಒಳಗೊಂಡ ಕೈಯಂತ್ರ.

ಮುದ್ರಕ: ಶಾಯಿಯಿಲ್ಲದೆ ಶಾಖದಿಂದ ಮುದ್ರಿಸುವ ಥರ್ಮಲ್ ಮುದ್ರಕಗಳು ಬಳಕೆಯಲ್ಲಿವೆ. ಇವುಗಳ ಕಾಗದದ ಅಗಲ ಸಾಮಾನ್ಯವಾಗಿ 58 ಮಿ.ಮೀ. ಅಥವಾ 80 ಮಿ.ಮೀ. ಇರುತ್ತದೆ. ಕಾಗದದ ಮೇಲಿನ ರಾಸಾಯನಿಕ ಲೇಪ ಶಾಖಕ್ಕೆ ಕಪ್ಪಾಗುವುದರಿಂದ ಅಕ್ಷರ ಮೂಡುತ್ತದೆ. ಇದೇ ಕಾರಣಕ್ಕೆ ಒಲೆಯ ಬಳಿ ಇಟ್ಟ ಚೀಟಿ ಪೂರ್ತಿ ಕಪ್ಪಾಗಬಹುದು, ಹಳೆಯ ರಸೀದಿಯ ಅಕ್ಷರ ಮಾಸಿಹೋಗಬಹುದು. ಬಿಸಿ ಹೆಚ್ಚಿರುವ ಅಡುಗೆಮನೆಯಲ್ಲಿ ರಿಬ್ಬನ್ ಬಳಸುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕವೇ ಸೂಕ್ತ.

ತಂತ್ರಾಂಶ: ಒಮ್ಮೆ ಕೊಂಡು ಸ್ವಂತ ಯಂತ್ರದಲ್ಲಿ ಅಳವಡಿಸುವುದು, ವಾರ್ಷಿಕ ಚಂದಾ ಕೊಟ್ಟು ಅಂತರಜಾಲದ ಮೂಲಕ ಬಳಸುವುದು ಎಂದು ಎರಡು ಬಗೆ. ಅಹಮದಾಬಾದಿನ ಪೆಟ್‌ಪೂಜಾ ಭಾರತೀಯ ಹೋಟೆಲುಗಳಿಗಾಗಿಯೇ ರೂಪುಗೊಂಡ ಚಂದಾ ಆಧಾರಿತ ವ್ಯವಸ್ಥೆಗೆ ಒಂದು ಉದಾಹರಣೆ. ಒಡೂ, ಇಆರ್‌ಪಿನೆಕ್ಸ್ಟ್ ಮುಂತಾದ ಮುಕ್ತ ತಂತ್ರಾಂಶಗಳಲ್ಲಿಯೂ ಮಾರಾಟದ ಬಿಲ್ಲಿನ ವಿಭಾಗವಿದೆ. ಅವುಗಳ ಅಳವಡಿಕೆಗೆ ತಂತ್ರಜ್ಞಾನ ಬಲ್ಲವರ ನೆರವು ಬೇಕಾಗುತ್ತದೆ.

ಪಾವತಿ ಸಾಧನ: ಯುಪಿಐ ಕ್ಯೂಆರ್ ಸಂಕೇತ, ಹಣ ಬಂದುದನ್ನು ಘೋಷಿಸುವ ಧ್ವನಿಪೆಟ್ಟಿಗೆ, ಕಾರ್ಡ್ ಯಂತ್ರ ಮತ್ತು ನಗದು ಪೆಟ್ಟಿಗೆ.

ಕಾನೂನಿನ ಅಗತ್ಯಗಳು

ಜಿಎಸ್‌ಟಿ ಕಾನೂನಿನಲ್ಲಿ ಹೋಟೆಲಿನ ಊಟವನ್ನು ಸರಕು ಎಂದು ಪರಿಗಣಿಸದೆ ಸೇವೆ ಎಂದು ಪರಿಗಣಿಸಲಾಗಿದೆ. ಕರ್ನಾಟಕದಲ್ಲಿ ಕೇವಲ ಸರಕು ಮಾರುವವರಿಗೆ ನೋಂದಣಿಯ ಮಿತಿ ವಾರ್ಷಿಕ 40 ಲಕ್ಷ ರೂಪಾಯಿಯಾದರೆ, ಹೋಟೆಲಿಗೆ ಅದು 20 ಲಕ್ಷ ರೂಪಾಯಿ. ಈ ವ್ಯತ್ಯಾಸ ಅನೇಕರ ಗಮನಕ್ಕೆ ಬರುವುದಿಲ್ಲ. ಒಂದು ಊಟಕ್ಕೆ 80 ರೂಪಾಯಿ ದರವಿದ್ದು, ವರ್ಷಕ್ಕೆ 300 ದಿನ ತೆರೆದಿರುವ ಖಾನಾವಳಿಯನ್ನು ಊಹಿಸಿದರೆ, ದಿನಕ್ಕೆ 84 ಊಟ ಮಾರಾಟವಾದೊಡನೆ ವಾರ್ಷಿಕ ವಹಿವಾಟು 20 ಲಕ್ಷ ದಾಟುತ್ತದೆ. ಅಂದರೆ ಸಾಧಾರಣವಾಗಿ ನಡೆಯುವ ಖಾನಾವಳಿಯೂ ನೋಂದಣಿಯ ವ್ಯಾಪ್ತಿಗೆ ಬರುತ್ತದೆ.

ನೋಂದಣಿಯಾದ ಸಣ್ಣ ಹೋಟೆಲಿಗೆ ಎರಡು ದಾರಿಗಳಿವೆ. ಮೊದಲನೆಯದು ಸಾಮಾನ್ಯ ಪದ್ಧತಿ. ಇದರಲ್ಲಿ ಗ್ರಾಹಕರಿಂದ ಶೇ 5ರಷ್ಟು ತೆರಿಗೆಯನ್ನು (ಕೇಂದ್ರಕ್ಕೆ ಶೇ 2.5, ರಾಜ್ಯಕ್ಕೆ ಶೇ 2.5) ಪಡೆದು ಸರ್ಕಾರಕ್ಕೆ ಕಟ್ಟಬೇಕು. ಎರಡನೆಯದು ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಪದ್ಧತಿ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿಯವರೆಗಿನ ಹೋಟೆಲುಗಳು ಇದನ್ನು ಆಯ್ದುಕೊಳ್ಳಬಹುದು. ಇದರಲ್ಲಿ ಒಟ್ಟು ವಹಿವಾಟಿನ ಶೇ 5ರಷ್ಟನ್ನು ಮಾಲೀಕನೇ ಕಟ್ಟಬೇಕು. ಬಿಲ್ಲಿನಲ್ಲಿ ತೆರಿಗೆಯೆಂದು ಗ್ರಾಹಕರಿಂದ ಪಡೆಯುವಂತಿಲ್ಲ, ಹಾಗೆ ಪಡೆಯಲು ತನಗೆ ಅರ್ಹತೆಯಿಲ್ಲವೆಂದು ಬಿಲ್ಲಿನ ಮೇಲೆ ಮುದ್ರಿಸಬೇಕು. ಬಿಲ್ಲಿನ ಹೆಸರೂ ಬೇರೆ: ಮೊದಲನೆಯದು ತೆರಿಗೆ ಇನ್ವಾಯ್ಸ್, ಎರಡನೆಯದು ಬಿಲ್ ಆಫ್ ಸಪ್ಲೈ.

ಮೇಲಿನ ಖಾನಾವಳಿ ದಿನಕ್ಕೆ 150 ಊಟ ಮಾರಿದರೆ ವಾರ್ಷಿಕ ವಹಿವಾಟು 36 ಲಕ್ಷ ರೂಪಾಯಿ. ಕಾಂಪೋಸಿಷನ್ ಪದ್ಧತಿಯಲ್ಲಿ ತೆರಿಗೆ 1,80,000 ರೂಪಾಯಿ. ಸಾಮಾನ್ಯ ಪದ್ಧತಿಯಲ್ಲಿ ಊಟದ ದರವನ್ನು ತೆರಿಗೆ ಸೇರಿ 80 ರೂಪಾಯಿಯೆಂದೇ ಇಟ್ಟುಕೊಂಡರೆ ಒಂದು ಊಟದಲ್ಲಿ ಮೂಲ ಬೆಲೆ 76.19, ತೆರಿಗೆ 3.81 ರೂಪಾಯಿಯಾಗಿ, ವರ್ಷದ ತೆರಿಗೆ ಸುಮಾರು 1,71,400 ರೂಪಾಯಿ. ಮೊತ್ತದಲ್ಲಿ ದೊಡ್ಡ ಅಂತರವಿಲ್ಲ. ಕಾಂಪೋಸಿಷನ್ ಪದ್ಧತಿಯ ಅನುಕೂಲವೆಂದರೆ ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ವಿವರಪಟ್ಟಿ ಎಂಬ ಸರಳತೆ. ಆಯ್ದುಕೊಳ್ಳುವ ತಂತ್ರಾಂಶವು ಎರಡೂ ಬಗೆಯ ಬಿಲ್ಲುಗಳನ್ನು ಕೊಡುವಂತಿರಬೇಕು, ಏಕೆಂದರೆ ವ್ಯಾಪಾರ ಬೆಳೆದಂತೆ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗಬೇಕಾಗಬಹುದು.

ಬಿಲ್ಲಿಗೆ ಸಂಬಂಧಿಸಿದ ಇತರ ಮುಖ್ಯ ನಿಯಮಗಳು ಇವು:

ಬಿಲ್ಲುಗಳಿಗೆ ಆ ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗದ ಅನುಕ್ರಮ ಸಂಖ್ಯೆ ಇರಬೇಕು. ಅದು 16 ಅಕ್ಷರಗಳನ್ನು ಮೀರಬಾರದು. ತಪ್ಪಾದ ಬಿಲ್ಲನ್ನು ಅಳಿಸಿಹಾಕುವ ಬದಲು ರದ್ದುಪಡಿಸಿದ್ದೆಂದು ತೋರಿಸಿ ಉಳಿಸಿಕೊಳ್ಳುವ ತಂತ್ರಾಂಶವೇ ಸರಿಯಾದುದು.

200 ರೂಪಾಯಿಗಿಂತ ಕಡಿಮೆ ಮೊತ್ತದ ಮಾರಾಟದಲ್ಲಿ, ನೋಂದಣಿಯಿಲ್ಲದ ಗ್ರಾಹಕರು ಕೇಳದಿದ್ದರೆ ಪ್ರತ್ಯೇಕ ಬಿಲ್ ಕೊಡುವುದು ಕಡ್ಡಾಯವಲ್ಲ. ಆದರೆ ಅಂಥ ಎಲ್ಲ ಮಾರಾಟಗಳಿಗೂ ದಿನದ ಕೊನೆಯಲ್ಲಿ ಒಟ್ಟು ಬಿಲ್ ಸಿದ್ಧಪಡಿಸಬೇಕು. ತಿಂಡಿಯ ಅಂಗಡಿಗಳಿಗೆ ಇದು ಬಹಳ ಉಪಯುಕ್ತವಾದ ನಿಯಮ.

ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಿಕೊಳ್ಳಬೇಕು.

2022ರ ಜನವರಿ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸುವುದು ಕಡ್ಡಾಯ. ಅದೇ ದಿನದಿಂದ, ಜಾಲತಾಣಗಳ ಮೂಲಕ ಮಾರಾಟವಾದ ಊಟದ ಜಿಎಸ್‌ಟಿಯನ್ನು ಆ ಜಾಲತಾಣಗಳೇ ಕಟ್ಟುತ್ತವೆ. ಆದ್ದರಿಂದ ಅಂಥ ಮಾರಾಟವನ್ನು ಗಲ್ಲೆಯ ಮಾರಾಟದಿಂದ ಬೇರ್ಪಡಿಸಿ ತೋರಿಸುವ ಸೌಲಭ್ಯವಿಲ್ಲದಿದ್ದರೆ ಒಂದೇ ಮಾರಾಟಕ್ಕೆ ಎರಡು ಸಲ ತೆರಿಗೆ ಕಟ್ಟುವ ಅಪಾಯವಿದೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಸೇವಾ ಶುಲ್ಕವನ್ನು ಬಿಲ್ಲಿಗೆ ತಾನೇ ತಾನಾಗಿ ಸೇರಿಸುವಂತಿಲ್ಲ. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಇದನ್ನು ಎತ್ತಿಹಿಡಿದಿದೆ.

2025ರ ನೋಟಿಸುಗಳು ಮತ್ತು ದಾಖಲೆಯ ಮಹತ್ವ

ಸಣ್ಣ ವ್ಯಾಪಾರಿಗೆ ದಾಖಲೆ ಏಕೆ ಬೇಕೆಂಬ ಪ್ರಶ್ನೆಗೆ 2025ರ ಜುಲೈ ತಿಂಗಳ ಘಟನೆಗಳು ಉತ್ತರ ನೀಡಿದವು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಹಿಂದಿನ ವರ್ಷಗಳ ಯುಪಿಐ ಪಾವತಿಗಳ ಮಾಹಿತಿಯನ್ನು ಆಧರಿಸಿ, ನೋಂದಣಿಯ ಮಿತಿಯನ್ನು ದಾಟಿದ್ದರೂ ನೋಂದಾಯಿಸಿಕೊಳ್ಳದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿತು. ಬೇಕರಿ, ಚಹಾ ಅಂಗಡಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಇದರಿಂದ ಕಂಗೆಟ್ಟರು. ಅನೇಕ ಕಡೆ ಕ್ಯೂಆರ್ ಸಂಕೇತಗಳನ್ನು ತೆಗೆದು ‘ನಗದು ಮಾತ್ರ’ ಎಂಬ ಫಲಕ ಹಾಕಲಾಯಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ, ಮಿತಿ ದಾಟಿದವರು ನೋಂದಾಯಿಸಿಕೊಳ್ಳಬೇಕೆಂದೂ ತಿಳಿಸಿದರು.

ಈ ಪ್ರಕರಣದಿಂದ ಒಂದು ಸಂಗತಿ ಸ್ಪಷ್ಟವಾಯಿತು. ಯುಪಿಐ ಮಾಹಿತಿ ತೋರಿಸುವುದು ಖಾತೆಗೆ ಬಂದ ಒಟ್ಟು ಮೊತ್ತವನ್ನು ಮಾತ್ರ. ಅದರಲ್ಲಿ ಊಟದ ಹಣವೆಷ್ಟು, ಗೆಳೆಯರಿಂದ ಪಡೆದ ಕೈಸಾಲವೆಷ್ಟು, ಮನೆಯವರು ಕಳಿಸಿದ್ದೆಷ್ಟು, ಗ್ರಾಹಕರಿಗೆ ಚಿಲ್ಲರೆ ಕೊಡಲಾಗದೆ ಹೆಚ್ಚು ಹಾಕಿಸಿಕೊಂಡು ನಗದು ಮರಳಿಸಿದ್ದೆಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಇದನ್ನು ತೋರಿಸಬಲ್ಲದ್ದು ಅಂಗಡಿಯವನ ದಿನವಹಿ ದಾಖಲೆ ಮಾತ್ರ. ಆದ್ದರಿಂದ ಬಿಲ್ಲಿಂಗ್ ವ್ಯವಸ್ಥೆಯು ಕೇವಲ ತೆರಿಗೆ ಕಟ್ಟುವ ಸಾಧನವಲ್ಲ. ಕಟ್ಟಬೇಕಾದುದಕ್ಕಿಂತ ಹೆಚ್ಚು ಕಟ್ಟದಂತೆ ಕಾಪಾಡುವ ಸಾಕ್ಷಿಯೂ ಹೌದು. ವ್ಯಾಪಾರದ ಕ್ಯೂಆರ್ ಸಂಕೇತವನ್ನು ಮನೆಯ ಉಳಿತಾಯ ಖಾತೆಗೆ ಜೋಡಿಸದೆ ಪ್ರತ್ಯೇಕ ಖಾತೆಗೆ ಜೋಡಿಸುವುದು ಈ ಸಾಕ್ಷಿಯನ್ನು ಗಟ್ಟಿಗೊಳಿಸುತ್ತದೆ.

ಆಯ್ಕೆಯ ಮಾನದಂಡಗಳು

ವೇಗ ಮತ್ತು ಸರಳತೆ
ಮಧ್ಯಾಹ್ನದ ಊಟದ ಗದ್ದಲದಲ್ಲಿ ಗಲ್ಲೆಯ ಮುಂದೆ ಸಾಲು ನಿಂತಾಗ ಬಿಲ್ ಎಷ್ಟು ಬೇಗ ಬರುತ್ತದೆ ಎಂಬುದೇ ವ್ಯವಸ್ಥೆಯ ಮೊದಲ ಪರೀಕ್ಷೆ. ಹೆಚ್ಚು ಮಾರಾಟವಾಗುವ ಪದಾರ್ಥಗಳು ಮೊದಲ ಪರದೆಯಲ್ಲಿಯೇ ಕಾಣಬೇಕು. ಹೊಸದಾಗಿ ಬಂದ ಕೆಲಸಗಾರ ಒಂದೆರಡು ದಿನದಲ್ಲಿ ಕಲಿಯುವಷ್ಟು ಸರಳವಾಗಿರಬೇಕು.

ಕನ್ನಡದ ಬಳಕೆ
ಅಡುಗೆಮನೆಯ ಚೀಟಿಯನ್ನು ಓದುವವರು ಅಡುಗೆಯವರು. ಅವರು ಕನ್ನಡ ಮಾತ್ರ ಓದಬಲ್ಲವರಾಗಿದ್ದರೆ ಚೀಟಿಯೂ ಕನ್ನಡದಲ್ಲಿರಬೇಕು. ಪರದೆಯ ಮೇಲೆ ಕನ್ನಡ ಕಂಡ ಮಾತ್ರಕ್ಕೆ ಕಾಗದದ ಮೇಲೆ ಮೂಡುತ್ತದೆಂಬ ಭರವಸೆಯಿಲ್ಲ. ಸಾಮಾನ್ಯ ಥರ್ಮಲ್ ಮುದ್ರಕಗಳ ಒಳಗಿನ ಅಕ್ಷರಪಟ್ಟಿಯಲ್ಲಿ ಕನ್ನಡವಿರುವುದಿಲ್ಲ. ಆದ್ದರಿಂದ ತಂತ್ರಾಂಶವು ಬಿಲ್ಲನ್ನು ಚಿತ್ರವಾಗಿ ಪರಿವರ್ತಿಸಿ ಮುದ್ರಕಕ್ಕೆ ಕಳಿಸಬೇಕು. ಹಾಗೆ ಮಾಡದ ತಂತ್ರಾಂಶಗಳಲ್ಲಿ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ಅರ್ಥವಿಲ್ಲದ ಗುರುತುಗಳೋ ಬರುತ್ತವೆ. ‘ರೊಟ್ಟಿ’, ‘ಚಟ್ನಿ’, ‘ಎಣ್ಣೆಗಾಯಿ’ ಈ ಪದಗಳನ್ನು ಮುದ್ರಿಸಿ ನೋಡಿದರೆ ಒತ್ತಕ್ಷರಗಳು ಸರಿಯಾಗಿ ಬರುತ್ತವೆಯೇ ಎಂಬುದು ತಿಳಿಯುತ್ತದೆ. ಪದಾರ್ಥಗಳ ಹೆಸರುಗಳನ್ನು ಹಳೆಯ ಅಕ್ಷರಶೈಲಿಗಳ ಬದಲು ಯೂನಿಕೋಡ್‌ನಲ್ಲಿಯೇ ಸೇರಿಸಬೇಕು; ಇಲ್ಲವಾದರೆ ಮುಂದೆ ಬೇರೆ ತಂತ್ರಾಂಶಕ್ಕೆ ಸಾಗಿಸಿದಾಗ ಅವು ಓದಲು ಬರುವುದಿಲ್ಲ.

ವಿದ್ಯುತ್ ಮತ್ತು ಅಂತರಜಾಲ
ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಅಥವಾ ಅಂತರಜಾಲ ನಿಂತಾಗ ಬಿಲ್ ನಿಲ್ಲಬಾರದು. ಸಂಪರ್ಕವಿಲ್ಲದಾಗಲೂ ಬಿಲ್ ಮಾಡಿ, ಸಂಪರ್ಕ ಬಂದ ಮೇಲೆ ಮಾಹಿತಿಯನ್ನು ತಾನಾಗಿ ಕಳಿಸುವ ತಂತ್ರಾಂಶ ಬೇಕು. ಬ್ಯಾಟರಿಯಿರುವ ಟ್ಯಾಬ್ಲೆಟ್ ಅಥವಾ ಕೈಯಂತ್ರವು ಮೇಜಿನ ಗಣಕಯಂತ್ರಕ್ಕಿಂತ ಈ ದೃಷ್ಟಿಯಿಂದ ಮೇಲು. ಗಣಕಯಂತ್ರವಿದ್ದರೆ ಯುಪಿಎಸ್ ಅವಶ್ಯ.

ಯುಪಿಐ ಹೊಂದಾಣಿಕೆ
ಗೋಡೆಗೆ ಅಂಟಿಸಿದ ಕ್ಯೂಆರ್ ಸಂಕೇತದಲ್ಲಿ ಮೊತ್ತವನ್ನು ಗ್ರಾಹಕರೇ ನಮೂದಿಸುತ್ತಾರೆ. ಯಾವ ಪಾವತಿ ಯಾವ ಬಿಲ್ಲಿನದು ಎಂಬುದು ತಿಳಿಯುವುದಿಲ್ಲ. ಬಿಲ್ಲಿನ ಮೊತ್ತವನ್ನು ಒಳಗೊಂಡು ಪ್ರತಿ ಬಿಲ್ಲಿಗೂ ಹೊಸದಾಗಿ ಮೂಡುವ ಕ್ಯೂಆರ್ ಸಂಕೇತವಿದ್ದರೆ ಮೊತ್ತ ತಪ್ಪುವುದಿಲ್ಲ. ಪಾವತಿಯಾದ ಸುದ್ದಿ ನೇರವಾಗಿ ತಂತ್ರಾಂಶಕ್ಕೆ ಬರುವಂತಿದ್ದರೆ, ಹಣ ಕಳಿಸಿದಂತೆ ನಕಲಿ ಚಿತ್ರ ತೋರಿಸುವ ಮೋಸವೂ ನಡೆಯುವುದಿಲ್ಲ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ವಹಿವಾಟು ಶುಲ್ಕ ಪಡೆಯುವಂತಿಲ್ಲ. ಆದರೆ ಧ್ವನಿಪೆಟ್ಟಿಗೆ ಮತ್ತು ಯಂತ್ರಗಳಿಗೆ ಬಾಡಿಗೆ ಇರಬಹುದು.

ದಾಸ್ತಾನಿನ ಲೆಕ್ಕ
ಪ್ರತಿ ಮಾರಾಟಕ್ಕೆ ತಕ್ಕಂತೆ ಹಿಟ್ಟು, ಎಣ್ಣೆ, ಬೇಳೆಗಳ ದಾಸ್ತಾನನ್ನು ತಾನಾಗಿ ಕಡಿಮೆ ಮಾಡುವ ಸೌಲಭ್ಯವನ್ನು ಮಾರಾಟಗಾರರು ದೊಡ್ಡದಾಗಿ ಹೇಳುತ್ತಾರೆ. ಅಳತೆಗೆ ಬಡಿಸುವ ಹೋಟೆಲಿನಲ್ಲಿ ಇದು ಉಪಯುಕ್ತ. ರೊಟ್ಟಿ, ಪಲ್ಯ, ಸಾರನ್ನು ಬೇಕಾದಷ್ಟು ಬಡಿಸುವ ಖಾನಾವಳಿಯಲ್ಲಿ ಒಂದು ಊಟಕ್ಕೆ ಇಂತಿಷ್ಟೇ ರೊಟ್ಟಿ ಎಂಬ ನಿಯಮವಿಲ್ಲ. ಒಬ್ಬರು ಎರಡು ಉಂಡರೆ ಇನ್ನೊಬ್ಬರು ಐದು ಉಣ್ಣುತ್ತಾರೆ. ಅಲ್ಲಿ ತಂತ್ರಾಂಶ ತೋರಿಸುವ ದಾಸ್ತಾನಿಗೂ ಉಗ್ರಾಣದ ವಾಸ್ತವಕ್ಕೂ ಹೊಂದಿಕೆಯಾಗುವುದಿಲ್ಲ. ಬೆಳಿಗ್ಗೆ ಮತ್ತು ರಾತ್ರಿ ಹಿಟ್ಟನ್ನು ತೂಗಿ ಬರೆಯುವುದು, ಹೊರಗಿನಿಂದ ತರಿಸಿದ ರೊಟ್ಟಿಗಳನ್ನು ಎಣಿಸಿ ಬರೆಯುವುದು ಇವೇ ಅಲ್ಲಿ ಹೆಚ್ಚು ನಂಬಲರ್ಹ.

ದಾಖಲೆಯ ಒಡೆತನ
ಚಂದಾ ಆಧಾರಿತ ವ್ಯವಸ್ಥೆಯಲ್ಲಿ ಮಾರಾಟದ ಮಾಹಿತಿ ಕಂಪನಿಯ ಸರ್ವರಿನಲ್ಲಿರುತ್ತದೆ. ಚಂದಾ ನಿಲ್ಲಿಸಿದರೆ ಅಥವಾ ಕಂಪನಿಯೇ ಮುಚ್ಚಿದರೆ ಆ ಮಾಹಿತಿ ಕೈತಪ್ಪಬಹುದು. ಆದರೆ 72 ತಿಂಗಳು ದಾಖಲೆ ಕಾಪಾಡುವ ಹೊಣೆ ಕಂಪನಿಯದಲ್ಲ, ಹೋಟೆಲಿನ ಮಾಲೀಕನದು. ಆದ್ದರಿಂದ ಬಿಲ್ಲುವಾರು ಮಾಹಿತಿಯನ್ನು ಎಕ್ಸೆಲ್ ಅಥವಾ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಲು ಅವಕಾಶವಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬೇಕು. ದಿನದ ಒಟ್ಟು ಮೊತ್ತವನ್ನಷ್ಟೇ ಕೊಡುವ ವರದಿ ಸಾಲದು. ಪ್ರತಿ ತಿಂಗಳು ಕಡತವನ್ನು ಇಳಿಸಿಕೊಂಡು ಎರಡು ಬೇರೆ ಸ್ಥಳಗಳಲ್ಲಿ ಇಟ್ಟುಕೊಂಡರೆ, ಯಾವ ಕಂಪನಿಯನ್ನು ಬಿಟ್ಟರೂ ಹೋಟೆಲಿನ ಲೆಕ್ಕ ಉಳಿಯುತ್ತದೆ. ಎಲ್ಲ ಮಾನದಂಡಗಳಲ್ಲಿ ಹೆಚ್ಚಾಗಿ ಕಡೆಗಣಿಸಲ್ಪಡುವುದೂ, ಕಡೆಗಣಿಸಿದರೆ ಹೆಚ್ಚು ನಷ್ಟ ತರುವುದೂ ಇದೇ.

ಗ್ರಾಹಕರ ಮೊಬೈಲ್ ಸಂಖ್ಯೆಯನ್ನು ಕೇಳುವ ತಂತ್ರಾಂಶಗಳಲ್ಲಿ ಅದನ್ನು ತುಂಬದೆಯೂ ಬಿಲ್ ಆಗುವಂತಿರಬೇಕು. ಬಿಲ್ಲಿಗಾಗಿ ಮೊಬೈಲ್ ಸಂಖ್ಯೆಯನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಸೂಚಿಸಿದೆ. ಅದೇ ವರ್ಷ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ರೂಪುಗೊಂಡಿದೆ.

ಒಟ್ಟು ವೆಚ್ಚ
ಯಂತ್ರದ ಬೆಲೆಯೊಂದನ್ನೇ ನೋಡುವುದು ತಪ್ಪು ಲೆಕ್ಕ. ಯಂತ್ರ, ಮುದ್ರಕ, ಮೂರು ವರ್ಷದ ಚಂದಾ, ಕಾಗದ, ಅಂತರಜಾಲ, ದುರಸ್ತಿ ಮತ್ತು ಹೆಚ್ಚುವರಿ ಸೌಲಭ್ಯಗಳ ಶುಲ್ಕ ಎಲ್ಲವನ್ನೂ ಕೂಡಿಸಿ ಹೋಲಿಸಬೇಕು. ಶೇ 5ರ ಪದ್ಧತಿಯಲ್ಲಾಗಲಿ ಕಾಂಪೋಸಿಷನ್ ಪದ್ಧತಿಯಲ್ಲಾಗಲಿ ಹೋಟೆಲಿಗೆ ಹೂಡುವಳಿ ತೆರಿಗೆಯ ಮರುಪಡೆಯುವಿಕೆ ಇಲ್ಲ. ತಂತ್ರಾಂಶದ ಚಂದಾ 10,000 ರೂಪಾಯಿಯಾಗಿದ್ದು ಅದರ ಮೇಲೆ ಶೇ 18ರ ತೆರಿಗೆಯಿದ್ದರೆ ನಿಜವಾದ ವೆಚ್ಚ 11,800 ರೂಪಾಯಿ. ಮಾರಾಟಗಾರರು ‘ತೆರಿಗೆ ಪ್ರತ್ಯೇಕ’ ಎಂದು ಹೇಳುವ ದರವನ್ನು ಹೀಗೆ ತಿದ್ದಿಕೊಂಡು ನೋಡಬೇಕು.

ತೆರಿಗೆ ದರಗಳ ಬದಲಾವಣೆಗೆ ಪ್ರತಿ ಸಲ ಶುಲ್ಕ ಪಡೆಯುತ್ತಾರೆಯೇ ಎಂಬುದನ್ನೂ ವಿಚಾರಿಸಬೇಕು. 2017ರ ನವೆಂಬರ್ 15ರಂದು ಹೋಟೆಲುಗಳ ದರ ಶೇ 12 ಮತ್ತು ಶೇ 18ರಿಂದ ಶೇ 5ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಂದು ಅನೇಕ ಸರಕುಗಳ ದರಗಳು ಬದಲಾದವು. ಹೋಟೆಲು ಊಟದ ಶೇ 5ರ ದರ ಹಾಗೆಯೇ ಉಳಿಯಿತು. ಇಂಥ ಬದಲಾವಣೆಗಳನ್ನು ಮಾಲೀಕನೇ ಮಾಡಿಕೊಳ್ಳುವಂತಿದ್ದರೆ ಒಳ್ಳೆಯದು.

ಪರೀಕ್ಷೆ ಮತ್ತು ಅಳವಡಿಕೆ

ಮಾರಾಟಗಾರರ ಪ್ರದರ್ಶನ ಸಾಮಾನ್ಯವಾಗಿ ಬಿಡುವಿನ ವೇಳೆಯಲ್ಲಿ, ಅವರದೇ ದರಪಟ್ಟಿಯೊಂದಿಗೆ ನಡೆಯುತ್ತದೆ. ಹೋಟೆಲಿನದೇ ದರಪಟ್ಟಿಯನ್ನು ತುಂಬಿ, ಗದ್ದಲದ ವೇಳೆಯಲ್ಲಿ, ಗಲ್ಲೆಯಲ್ಲಿ ನಿತ್ಯ ಕೂರುವವರ ಕೈಯಿಂದಲೇ ಪರೀಕ್ಷಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ಪರೀಕ್ಷೆಯಲ್ಲಿ ಐದು ಸಂಗತಿಗಳನ್ನು ನೋಡಬಹುದು: ಒಂದು ಪಾರ್ಸೆಲ್ ಬಿಲ್, ಊಟದ ನಡುವೆ ಪದಾರ್ಥ ಸೇರಿದ ಬಿಲ್, ಅರ್ಧ ನಗದು ಅರ್ಧ ಯುಪಿಐ ಪಾವತಿ, ರದ್ದಾದ ಬಿಲ್, ಮತ್ತು ಅಂತರಜಾಲ ತೆಗೆದ ಮೇಲೆ ಮಾಡಿದ ಬಿಲ್.

ಮೊದಲ ಕೆಲವು ವಾರ ಹಳೆಯ ಪುಸ್ತಕ ಮತ್ತು ಹೊಸ ಯಂತ್ರ ಎರಡನ್ನೂ ಒಟ್ಟಿಗೆ ನಡೆಸಿ, ರಾತ್ರಿ ಎರಡೂ ಲೆಕ್ಕಗಳನ್ನು ತಾಳೆ ನೋಡುವುದು ಸುರಕ್ಷಿತ. ಆರ್ಥಿಕ ವರ್ಷದ ಆರಂಭವಾದ ಏಪ್ರಿಲ್ ತಿಂಗಳಿನಿಂದ ಹೊಸ ವ್ಯವಸ್ಥೆಗೆ ಹೋದರೆ ಬಿಲ್ ಸಂಖ್ಯೆಗಳ ಸರಣಿಯೂ ಹೊಸದಾಗಿ ಆರಂಭವಾಗುತ್ತದೆ. ಬಿಲ್ ಮಾಡುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಗುಪ್ತಪದವಿರಬೇಕು. ರಿಯಾಯಿತಿ ಕೊಡುವ ಮತ್ತು ಬಿಲ್ ರದ್ದು ಮಾಡುವ ಅಧಿಕಾರ ಮಾಲೀಕರಿಗೆ ಅಥವಾ ಅವರು ನೇಮಿಸಿದ ಒಬ್ಬರಿಗೆ ಮಾತ್ರ ಇರಬೇಕು. ಇದು ನೌಕರರ ಮೇಲಿನ ಅಪನಂಬಿಕೆಯ ಗುರುತಲ್ಲ. ಹಣ ಕಡಿಮೆ ಬಂದಾಗ ತಪ್ಪು ಯಾರದಲ್ಲವೋ ಅವರನ್ನು ಕಾಪಾಡುವ ವ್ಯವಸ್ಥೆ.

ಮಿತಿಗಳು

ಯಂತ್ರಕ್ಕೆ ತಿಳಿಯುವುದು ಅದರಲ್ಲಿ ದಾಖಲಾದದ್ದು ಮಾತ್ರ. ಬಿಲ್ ಮಾಡದೆ ಕೊಟ್ಟ ಊಟ, ಗುರುತಿನವರಿಗೆ ಬರೆಯದೆ ಕೊಟ್ಟ ಉದ್ರಿ, ಕೆಲಸಗಾರರ ಊಟ ಇವನ್ನು ದಾಖಲಿಸುವ ಶಿಸ್ತು ಇಲ್ಲದಿದ್ದರೆ ಅತ್ಯುತ್ತಮ ವ್ಯವಸ್ಥೆಯೂ ತಪ್ಪು ಲೆಕ್ಕವನ್ನೇ ಕೊಡುತ್ತದೆ. ಊಟದ ರುಚಿ, ಬಡಿಸುವವರ ಆದರ, ಗ್ರಾಹಕರ ಪರಿಚಯ ಇವುಗಳ ಸ್ಥಾನವನ್ನೂ ಯಂತ್ರ ತುಂಬಲಾರದು.

ಎಲ್ಲ ಹೋಟೆಲುಗಳಿಗೂ ಗಣಕೀಕೃತ ವ್ಯವಸ್ಥೆ ಬೇಕೇ ಬೇಕೆಂದೇನೂ ಇಲ್ಲ. ವಾರ್ಷಿಕ ವಹಿವಾಟು ನೋಂದಣಿಯ ಮಿತಿಗಿಂತ ಬಹಳ ಕೆಳಗಿದ್ದು, ಮಾಲೀಕನೇ ಗಲ್ಲೆಯಲ್ಲಿ ಕೂರುವ ಚಿಕ್ಕ ಅಂಗಡಿಗೆ ನಕಲು ಪ್ರತಿಯಿರುವ ಬಿಲ್ ಪುಸ್ತಕ ಮತ್ತು ನಿತ್ಯ ಬರೆಯುವ ಕೀರ್ದಿ ಸಾಕಾಗುತ್ತದೆ. ದಿನದ ಮಾರಾಟ, ಅದರಲ್ಲಿ ನಗದು ಎಷ್ಟು, ಯುಪಿಐ ಎಷ್ಟು, ಉದ್ರಿ ಎಷ್ಟು ಎಂಬ ನಾಲ್ಕು ಸಾಲುಗಳನ್ನು ತಪ್ಪದೆ ಬರೆದಿಟ್ಟವನಿಗೆ, ಮುಂದೆ ವ್ಯಾಪಾರ ಬೆಳೆದು ಯಂತ್ರ ಕೊಳ್ಳುವ ದಿನ ಬಂದಾಗ ತನಗೆ ಏನು ಬೇಕೆಂಬುದೂ ಆ ಪುಸ್ತಕದಿಂದಲೇ ತಿಳಿಯುತ್ತದೆ.